ಗೇಟು ಬಿದ್ದಾಗ

ಕುಂಸಿ ಗೇಟು ಬಿತ್ತು.
ಹೊಸ ಬೋರ್ಡು: ‘ಎಂಜಿನ್ ನಿಲ್ಲಿಸಿ. ತಪ್ಪಿದರೆ ದಂಡ.’
ಉಳಿಸಿದ ಡೀಸೆಲ್ಲಿಗೆ ಲೀಟರಿಗಿಷ್ಟೆಂದು
ತಿಂಗಳ ಕೊನೆಗೆ ಧಣಿ ಕೊಡುವುದೂ ಉಂಟು.
ಬಸ್ತ್ಯಾವಣ್ಣ ಕೀಲಿ ತಿರುಗಿಸಿದ.

ಗಾಜು, ಸೀಟು, ತಲೆ ಮೇಲಿನ ಕಂಬಿ
ನಡುಕ ಬಿಟ್ಟವು.
ನಿಲ್ಲದೆ ಹೋದದ್ದು ಹಿಂದಿನ ಸೀಟಿನ ಹೆಂಗಸಿನ ಮಾತು;
ಎಂಜಿನ್ನಿನ ಮೇಲೆ ಎತ್ತಿದ ದನಿ
ಇಳಿಸಲು ಪುರುಸೊತ್ತಾಗದೆ
ಬಸ್ಸಿನ ತುಂಬ:
“ಸರ ಕಳುವಾಗ್ಲಿಲ್ಲ ಕಣೇ, ನಾನೇ ಮಾರ್ದೆ!”

ಯಾರೂ ತಿರುಗಲಿಲ್ಲ.
ಶೇಂಗಾ ಸುಲಿಯುತ್ತಿದ್ದವನ ಬೆರಳು ಅಲ್ಲೇ ನಿಂತಿತು.
ರೈಲಿನ ಸುಳಿವೇ ಇಲ್ಲ.

ಕನ್ನಡಿಯಲ್ಲಿ ಒಮ್ಮೆ ಕಂಡು
ಬಸ್ತ್ಯಾವಣ್ಣ ಸೆಲ್ಫ್ ಹೊಡೆದ,
ಬೋರ್ಡಿನ ಎದುರಿಗೇ.
ಗಡಗಡ ಸದ್ದು ಕಂಬಳಿಯ ಹಾಗೆ
ಹಿಂದಿನ ಸೀಟಿನವರೆಗೂ ಹೋಯಿತು.

“ಇನ್‌ಸೆಂಟಿವ್ ಹೋಯ್ತಲ್ಲಣ್ಣ!” ಕಂಡಕ್ಟರ್ ತೀರ್ಥಪ್ಪ ಕೂಗಿದ.
“ಬ್ಯಾಟರಿ ವೀಕು, ಮಾರಾಯ.”