ನೀರುಗಂಟಿಯ ಮಗ

ಸುಣ್ಣದ ಡಬ್ಬಿ ಹಿಡಿದು ಬೆಳಗಿನ ಐದಕ್ಕೆ
ಗೆರೆ ಎಳೆಯುತ್ತೇನೆ.
ಎಳೆದಾದ ಮೇಲೆ ನಾನು ನಿಲ್ಲಬೇಕಾದದ್ದು
ಅದರ ಈಚೆ.

ವಾಕಿಂಗಿನವರು ತುಳಿದುಕೊಂಡೇ ಹೋಗುತ್ತಾರೆ,
ಶೂ ತುಂಬ ಬಿಳಿ.
'ಏನ್ ಬೋರಲಿಂಗು, ಕಬಡ್ಡಿ ಊರಲ್ಲಿ ಇದ್ಯಾಕಪ್ಪ ನಿಂಗೆ?'
ಸಕ್ಕರೆ ಕಾರ್ಖಾನೆ ಕಡೆಯಿಂದ ಕಾಕಂಬಿಯ ವಾಸನೆ.
ಪಂಪಿನ ಸೂಜಿಗೆ ಉಗುಳು ಹಚ್ಚಿ
ಏಳು ಚೆಂಡಿಗೆ ಗಾಳಿ ಹೊಡೆಯುತ್ತೇನೆ,
ಎರಡರಲ್ಲಿ ನಿಲ್ಲುವುದಿಲ್ಲ.

ಇದೇ ಕಾಲೇಜಿಗೆ ನಾನು ಲೆಫ್ಟ್ ವಿಂಗ್ ಆಡಿದವನು.
ಎಂಬತ್ತೇಳರಲ್ಲಿ ಮೈಸೂರಿನವರ ಮೇಲೆ ಎರಡು ಗೋಲು:
ಒಂದು ನಾನು ಹೊಡೆದದ್ದು,
ಇನ್ನೊಂದು ಮೊಣಕಾಲಿಗೆ ತಾಗಿ ತಾನಾಗಿ ಹೋದದ್ದು.
ಇವತ್ತಿಗೂ ಯಾರಿಗೂ ಹೇಳಿಲ್ಲ.
ಮರುವರ್ಷ ಅದೇ ಮೊಣಕಾಲು
ತನ್ನ ಬಾಕಿ ವಸೂಲು ಮಾಡಿತು.

ಈಗ ಕೈಯಲ್ಲಿ ಫೈಲು.
ಹದಿನೆಂಟು ಜನನ ಪತ್ರ
(ಅರ್ಧ ಟೀಮು ಹುಟ್ಟಿದ್ದು ಜೂನ್ ಒಂದಕ್ಕೇ),
ಟೆಂಪೋ ಬಾಡಿಗೆಯ ಚೀಟಿ,
ಇಮಾದನ ತಾಯಿಯ ಸಹಿ, ಪ್ರಿನ್ಸಿಪಾಲರ ಸೀಲು,
ಹತ್ತೊಂಬತ್ತನೆಯ ಹುಡುಗನಿಗೆ ಏನು ಹೇಳಬೇಕೆಂದು
ರಾತ್ರಿ ಬರೆದು, ಬರೆದು, ಹೊಡೆದುಹಾಕಿದ ಸಾಲು.

ಅಪ್ಪ ನೀರುಗಂಟಿ.
ತೂಬಿನ ಹತ್ತಿರ ಸನಿಕೆ ಊರಿ ಕೂತು
ಯಾರ ಗದ್ದೆಗೆ ಎಷ್ಟು ಹೊತ್ತು ಎಂದು
ಬೀಡಿಯಲ್ಲಿ ಲೆಕ್ಕ ಇಡುತ್ತಿದ್ದ.
ಪಟೇಲರಿಗೆ ನಾಲ್ಕು ಬೀಡಿ,
ಕುಂಟಮ್ಮನ ತುಂಡಿಗೆ ಒಂದು, ಕೆಲವೊಮ್ಮೆ
ಕಳ್ಳತನದಲ್ಲಿ ಒಂದೂವರೆ.
ನಮಗೆ ಗದ್ದೆ ಇರಲಿಲ್ಲ.
ಊರೆಲ್ಲ ಹಸಿರಾದಾಗ
ಅವನ ಕಾಲಲ್ಲಿ ಬರೀ ಕೆಸರು.

ಹುಡುಗರಿಗೆ ನಾನು ಹೇಳುವುದೂ ಅವನದೇ ಮಾತು:
ಚೆಂಡು ಅಂದ್ರೆ ನೀರು ಕಣ್ರೋ,
ಹಿಡ್ಕೊಂಡು ನಿಂತ್ರೆ ಪಾಚಿ ಕಟ್ತದೆ.
ತಗ್ಗೆಲ್ಲೈತೆ ನೋಡಿ ಬುಡ್ರಿ.
ದರ್ಶಿತ್ ನಗುತ್ತಾನೆ: 'ಸರ್, ಮೊಬೈಲಲ್ಲಿ
ಇದಕ್ಕೆ ಬೇರೆ ಏನೋ ಹೆಸರೈತೆ.'
ಇರಬಹುದು.

ಶನಿವಾರ ಮೈಸೂರು. ಒಂದು–ಒಂದು. ಹನ್ನೆರಡು ನಿಮಿಷ ಬಾಕಿ.
ಪಕ್ಕದಲ್ಲಿ ಯಾರೋ ನಿಂತಂತಾಗಿ ತಿರುಗಿದರೆ
ಕೆರಗೋಡಿನ ಮಾದೇಶ,
ಪಟ್ಟಿಯಲ್ಲಿಲ್ಲದ ಹತ್ತೊಂಬತ್ತನೆಯವನು.
ಸರ್ಕಾರಿ ಬಸ್ಸಿನಲ್ಲಿ ತಾನೇ ಟಿಕೆಟ್ ತೆಗೆದು ಬಂದಿದ್ದಾನೆ.
ನೀರಿನ ಕ್ಯಾನು ಅವನ ಕೈಯಲ್ಲಿ.
ಹೆಬ್ಬೆರಳು ಸುಣ್ಣಕ್ಕೆ ತಾಗದಂತೆ
ಒಂದು ಗೇಣು ಹಿಂದೆ.

ನಾನು ಬಾಯಿ ತೆರೆಯುವ ಮೊದಲೇ
'ಎಡಕ್ಕೆ, ಎಡಕ್ಕೆ ಬುಡ್ಲಾ!' ಎಂದು ಕೂಗಿದ.
ಎಡಕ್ಕೆ ನಿಜವಾಗಿಯೂ ತಗ್ಗಿತ್ತು.
ಇಡೀ ಮೈದಾನದಲ್ಲಿ
ಅದು ಕಂಡದ್ದು ನಮ್ಮಿಬ್ಬರಿಗೆ.

ಗೋಲಾಯಿತೋ ಇಲ್ಲವೋ, ಆ ಮಾತು ಬೇರೆ.
ನಾನು ಅವನ ಮುಖ ನೋಡುತ್ತಿದ್ದೆ.
ತೂಬಿನ ಬಳಿ ಕೂರಲು ಹುಟ್ಟಿದ ಕಣ್ಣು ಅದು.
ಹೇಳಲಿಲ್ಲ. ಅವನಿಗಿನ್ನೂ ಹದಿನೇಳು,
ಈ ವಯಸ್ಸಿಗೆ ಅದೊಂದು ಬೈಗುಳ.

ಬರುವ ವಾರ ಲೆಫ್ಟ್ ವಿಂಗಿಗೆ ಹಾಕುತ್ತೇನೆ.
ಓಡಲಿ ಮೊದಲು.