ಬಾಲದ ಕಡೆಗೆ ಮುಖ

ಇಸುಬು, ಪೆಟ್ಟಿಗೆಯನ್ನು ಹಾಗೆ ಇಡಬೇಡ ಮಾರಾಯ.
ಕೇಳುವವನು ಮುಂದೆ ಕೂತಿದ್ದಾನೆಂದು
ಸ್ಪೀಕರಿನ ಮುಖವನ್ನೂ ಮುಂದಕ್ಕೆ ತಿರುಗಿಸುವುದು
ನಿನ್ನೆ ವಿಮಾನ ಇಳಿದವರ ಲೆಕ್ಕ.
ಶುವೈಖಿನಲ್ಲಿ ಲೆಕ್ಕ ಬೇರೆ ಉಂಟು.

ಸಣ್ಣ ಸ್ವರಕ್ಕೆ ದಾರಿ ತೋರಿಸಬೇಕು.
ಟ್ವೀಟರನ್ನು ಕಿವಿಗೇ ಗುರಿಯಿಟ್ಟು ಕೂರಿಸು,
ಒಂದು ಬೆರಳು ಅಡ್ಡ ಬಂದರೂ ಅದಕ್ಕೆ ಮುನಿಸು.
ದಪ್ಪ ಸ್ವರ ಹಾಗಲ್ಲ. ಅದರ ಒಂದೊಂದು ಅಲೆ
ಇಪ್ಪತ್ತೆಂಟು ಅಡಿ ಉದ್ದ.
ಕಾರು ಹದಿನೇಳು.
ನಾವು ಆರು ಜನ ಮಲಗುವ ಕೋಣೆ ಹದಿನಾಲ್ಕು.
ತನಗಿಂತ ಚಿಕ್ಕ ಜಾಗದಲ್ಲಿ ಅದು ಬಾಳುವುದು ಹೇಗೆ?
ನಮ್ಮ ಹಾಗೆಯೇ. ಕಾಲು ಮಡಚಿಕೊಂಡು.

ಮುಂದಕ್ಕೆ ಮುಖ ಮಾಡಿದೆಯೋ,
ನೇರ ಹೊರಟದ್ದೂ
ಡಿಕ್ಕಿಯ ತಗಡಿಗೆ ತಾಗಿ ತಡವಾಗಿ ಬಂದದ್ದೂ
ಸೀಟಿನ ಬೆನ್ನ ಹತ್ತಿರ ಎದುರುಬದುರಾಗಿ
ಒಂದನ್ನೊಂದು ನುಂಗುತ್ತವೆ.
ಏಳುನೂರು ವಾಟ್ ಕೊಟ್ಟರೂ ಬೂದಿಗೆ ಹೊಯ್ದ ನೀರು.
ಹುಡುಗರು ಬಂದು ಹೇಳುತ್ತಾರೆ, ಆಂಪ್ಲಿಫೈಯರ್ ಕೆಟ್ಟಿದೆ.
ಕೆಟ್ಟಿರುವುದಿಲ್ಲ.

ನನಗಿದನ್ನು ಕಲಿಸಿದ್ದು ಲಾಡ್ರು ಅಲ್ಲ,
ಅವನು ಕಲಿಸಿದ್ದು ಬೈಗುಳ ಮಾತ್ರ.
ಒಬ್ಬ ಮುದುಕ. ಬೂ ಧಾಹಿ ಎನ್ನುತ್ತಿದ್ದರು.
ಆಗಸ್ಟ್ ತಿಂಗಳು, ಪಾನಾ ಮುಟ್ಟಿದರೆ ಅಂಗೈ ಸುಡುವ ಹೊತ್ತು,
ಹಳೆಯ ಕ್ಯಾಪ್ರಿಸ್, ಅದರಲ್ಲಿ ಒಂದೇ ಒಂದು ಕ್ಯಾಸೆಟ್.
ಅವನ ಅಪ್ಪನ ಹಡಗಿನವರು,
ಮುತ್ತಿಗೆ ಮುಳುಗುತ್ತಿದ್ದವರು,
ಮುಳುಗುವುದು ನಿಂತ ಮೇಲೆ ಯಾರದೋ ಅಂಗಳದಲ್ಲಿ ಕೂತು ಹಾಡಿದ್ದು.
ಹರಕು ಹಿಂದಿಯಲ್ಲಿ ಹೇಳಿದ:
ಇದರಲ್ಲಿ ಹನ್ನೊಂದು ಜನ ಇದ್ದಾರೆ.
ನನಗೆ ಒಬ್ಬನೇ ಕೇಳುತ್ತಾನೆ.
ಹತ್ತು ಜನ ಎಲ್ಲಿ?

ಹಾಕಿ ನೋಡಿದೆ. ಮೇಲೆ ಒಬ್ಬ ಕೂಗುತ್ತಿದ್ದ,
ಹಗ್ಗ ಹರಿದವನ ಹಾಗೆ.
ಕೆಳಗೆ ಏನೂ ಇಲ್ಲ, ಬರೀ ಟೇಪಿನ ಸುಯ್ಯ್.

ಪೆಟ್ಟಿಗೆಯನ್ನು ಮೇಲ್ಮುಖ ಮಾಡಿದೆ. ಮೂರು ಜನ ಬಂದರು, ಅಷ್ಟೆ.
ಬಲಕ್ಕೆ ಸರಿಸಿದೆ, ಸ್ಟೆಪ್ನಿ ಗಡಗಡ ಎಂದಿತು.
ಬೆವರು ಕಣ್ಣಿಗಿಳಿದು, ಸಿಟ್ಟು ಬಂದು,
ಗಿರಾಕಿಗೆ ಬೆನ್ನು ಕೊಟ್ಟ ಹಾಗೆ ಅದನ್ನು ಪೂರಾ ತಿರುಗಿಸಿ
ಹಿಂದಿನ ದೀಪಗಳ ಕಡೆಗೆ, ಒಂದು ಗೇಣು ಬಿಟ್ಟು, ಇಟ್ಟೆ.
ಡಿಕ್ಕಿ ಮುಚ್ಚಿದೆ.

ಮೊದಲು ನಂಬರ್ ಪ್ಲೇಟಿಗೆ ಗೊತ್ತಾಯಿತು.
ಆಮೇಲೆ ಕಪ್ಪಿನಲ್ಲಿದ್ದ ಚಹಾಕ್ಕೆ.
ಹ್ಮ್ ಎಂದು, ಬಾಯಿ ತೆರೆಯದೆ,
ನೀರಿನಡಿಯಿಂದ ಹಡಗಿನ ಹೊಟ್ಟೆ ಉಜ್ಜಿದಂತೆ
ಹತ್ತೂ ಜನ ಬಂದರು.
ಸೀಟಿನೊಳಗಿಂದ ಬಂದರು, ನನ್ನ ಮೊಣಕಾಲಿನಿಂದ ಬಂದರು.
ಎಲ್ಲಿಂದ ಎಂದು ಕೈ ತೋರಿಸುವಂತಿಲ್ಲ.

ಮುದುಕ ಏನೂ ಹೇಳಲಿಲ್ಲ.
ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿದ,
ದನದ ಬೆನ್ನ ಮೇಲೆ ಊರಿದ ಹಾಗೆ.
ತುಟಿಯಲ್ಲಿ ಎಣಿಸುತ್ತಿದ್ದ. ಸಬಾ, ಸಮಾನಿಯಾ...
ಒಂಬತ್ತಕ್ಕೆ ನಿಂತ. ಮತ್ತೆ ಮೊದಲಿನಿಂದ ಶುರು ಮಾಡಿದ.

ಪ್ಲೇಟು ನಡುಗುತ್ತದೆ, ಫೆಲ್ಟ್ ಅಂಟಿಸಲಾ ಎಂದೆ.
ಬೇಡ ಎಂದ. ಅದೂ ಹಾಡಲಿ.
ಆರು ದಿನಾರ್ ಕೂಲಿ, ಒಂದು ಫಿಲ್ಸೂ ಹೆಚ್ಚು ಕೊಡಲಿಲ್ಲ.

ಸರಿ, ಏಳು. ಆ ಹುಡುಗನ ಕಾರಿನ ಡಿಕ್ಕಿ ತೆಗೆ.
ಅವನಿಗೆ ಬೇಕಾದ್ದು ಸಿಗ್ನಲಿನಲ್ಲಿ ಪಕ್ಕದವರ ಗಾಜು ಅದುರಬೇಕು,
ಅದಕ್ಕೂ ಇದೇ ಲೆಕ್ಕ.
ಟೇಪು ತಾ.
ಅದಲ್ಲ, ಅಳೆಯುವುದು.