ಟವೆಲಿನ ಕೆಳಗೆ

ದಾವಣಗೆರೆಯ ಎಪಿಎಂಸಿ ಗೇಟಿನೆದುರು ರಹಮತ್ ಸಾಬರ ಚಾದಂಗಡಿ.
ಗೋಡೆಯ ಟೀವಿಯಲ್ಲಿ ದೊಡ್ಡ ದೇಶದವನೊಬ್ಬ
ಮೇಜು ಗುದ್ದುತ್ತಿದ್ದಾನೆ:
ಸುಂಕ ಇಷ್ಟು. ಒಪ್ಪದಿದ್ದರೆ ಇನ್ನಷ್ಟು.

ಹಮಾಲಿ ತಿಪ್ಪೇಶಿ ಗ್ಲಾಸು ಕುಕ್ಕಿದ:
‘ನಾವೂ ಬಾಗ್ಲು ಹಾಕ್ಕಳಾಣ, ನೋಡೇಬಿಡಾಣ.’
ಬೀಜದಂಗಡಿ ರೇವಣ್ಣ ಮೀಸೆಯ ಕೆನೆ ಒರೆಸಿಕೊಂಡು
‘ಕಾಲು ಹಿಡದ್ರೆ ಏನ್ ಕಳಕಂತೀವಿ ಬಿಡಪ್ಪ’ ಅಂದ.

ದುಗ್ಗಪ್ಪಜ್ಜ ಏನೂ ಅನ್ನಲಿಲ್ಲ.
ಎಂಬತ್ತೆಂಟರ ಮುದುಕ, ದನದ ಸಂತೆಯ ಹಳೇ ದಲ್ಲಾಳಿ,
ಹೆಗಲ ಟವೆಲು ತೆಗೆದು
ನನ್ನ ಬಲಗೈ ಮೇಲೆ ಹೊದಿಸಿ
ಒಳಗೆ ತನ್ನ ಕೈಯಿಟ್ಟ.

‘ಮೇಲೆ ಮುಖ ಮುಖದಂಗೇ ಇರಬೇಕು.
ಬೈದಾಡು, ನಗು, ಎಲೆಅಡಿಕೆ ಕೊಡು,
ಅದೆಲ್ಲ ಮೇಲಿನ ಮಾತು.
ಬೆಲೆ ಇರೋದು ಇಲ್ಲಿ.’
ನನ್ನ ಎರಡು ಬೆರಳು ಹಿಡಿದು ಒತ್ತಿದ.

ನನಗೆ ನೆನಪಾದದ್ದು ಬೇರೆ ಎರಡು ಕೈ.
ಅರವತ್ತೇಳನೇ ಇಸವಿ, ಆನಗೋಡಿನ ಶಾಲೆ,
ಹಂಡೆ ತುಂಬ ಹಳದಿ ಉಪ್ಪಿಟ್ಟು.
ಹಡಗು ಹತ್ತಿ ಬಂದ ಹಿಟ್ಟು,
ಮುತ್ತುಗದ ಎಲೆ ಹಿಡಿದು ನಾವು ಸಾಲಾಗಿ.
ಖಾಲಿ ಚೀಲದಲ್ಲಿ ಅವ್ವ ಚಡ್ಡಿ ಹೊಲಿದಳು;
ವರ್ಷವಿಡೀ ನನ್ನ ಕುಂಡಿಯ ಮೇಲೆ
ಎರಡು ನೀಲಿ ಕೈಗಳು ಕುಲುಕಾಡಿಕೊಂಡಿದ್ದವು.

‘ಮೇಷ್ಟ್ರೇ, ಇದ್ರಾಗೆ ನಮ್ಮ ಕೈ ಯಾವ್ದು?’
ಗದಿಗೆಪ್ಪ ಮೇಷ್ಟ್ರು ಕನ್ನಡಕ ಏರಿಸಿ
ತುಂಬ ಹೊತ್ತು ಚೀಲ ನೋಡಿದರು.
‘ತಿನ್ನಲೇ, ಆರಿ ಹೋಗತ್ತೆ.’

ಈಗ ಗೇಟಿನಾಚೆ ಹೈವೇವರೆಗೆ ಲಾರಿ,
ಲಾರಿ ತುಂಬ ಅದೇ ಹಳದಿ, ಅದೇ ಮೆಕ್ಕೆಜೋಳ,
ಬೆಳೆದದ್ದು ನಾವು.
ನಮ್ಮದನ್ನೂ ಕೊಳ್ಳಿ ಅನ್ನುತ್ತಿದ್ದಾನೆ ಟೀವಿಯವನು.
ಉಂಡದ್ದು ಮರೆಯುವಂತಿಲ್ಲ. ರುಚಿಯಾಗಿಯೇ ಇತ್ತು.
ಉಂಡೆವೆಂದು ಇವತ್ತು
ತೂಕದ ಕಲ್ಲು ಅವನ ಕೈಗೆ ಕೊಡುವಂತೆಯೂ ಇಲ್ಲ.

ಅಜ್ಜ ಹೇಳುತ್ತಲೇ ಇದ್ದ:
‘ಸಂತೆ ಸಂತೇನೇ ಕೊಳ್ಳೋ ಸಾವ್ಕಾರ ಒಬ್ಬ ಬಂದಿದ್ದ,
ಹೊನ್ನೂರಪ್ಪನ ಹತ್ರ ಇದ್ದದ್ದು ಒಂದೇ ಜೋಡಿ ಎತ್ತು.
ಸಾವ್ಕಾರ ಟವೆಲಿನ ಒಳಗೆ ಬೆರಳು ತಿರುಚಿದ.
ಇವ ಕೂಗಲಿಲ್ಲ, ಕೈ ಕಿತ್ತುಕೊಳ್ಳಲೂ ಇಲ್ಲ.
“ಎತ್ತಿಗೆ ನೀರು ತೋರಿಸಿ ಬರ್ತೀನಿ ಧಣಿ” ಅಂತ
ಮೆಲ್ಲಗೆ ಎದ್ದು ಹೋದ.
ಮೂರನೇ ಸಂತೆಗೆ ವ್ಯಾಪಾರ ಕುದುರಿತು.’

‘ಕುದುರದೆ ಇದ್ದಿದ್ರೆ?’

‘ಇದ್ದಿದ್ರೆ ಇರ್ತಿತ್ತು. ನಾಲ್ಕನೇ ಸಂತೆ ಇಲ್ವೇನು?
ಹಗೇವಿನಾಗೆ ಜೋಳ ಇದ್ದೋನಿಗೆ
ಬೆರಳು ನಡುಗಲ್ಲ ಕಣಲೇ.’

ನಮ್ಮ ಹಗೇವು ಎಷ್ಟು ತುಂಬಿದೆ?
ಟೀವಿ ಅದನ್ನು ಹೇಳಲಿಲ್ಲ.
ತೂಕದ ಕಟ್ಟೆಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವ ನಾನು,
ನನಗೂ ಗೊತ್ತಿಲ್ಲ.

ಅಷ್ಟರಲ್ಲಿ ಶೇಂಗಾ ಬುಟ್ಟಿಯ ಚೌಡಮ್ಮ ಬಂದಳು.
ಸೇರಿಗೆ ಹತ್ತು ರೂಪಾಯಿ ಬಿಡು ಅಂದ ತಿಪ್ಪೇಶಿ.
ಅವಳು ಆಗಲ್ಲಪ್ಪ ಅಂದಳು.
‘ಹಂಗಾದ್ರೆ ನಾಳೆಯಿಂದ ಗೇಟಿನ ಒಳಗೆ ಹೆಂಗೆ ಕೂರ್ತೀಯೋ ನೋಡ್ತೀನಿ!’
ಮೇಜು ಗುದ್ದಿದ.
ಥೇಟ್ ಆ ಟೀವಿಯವನ ಹಾಗೆ.
ರಹಮತ್ ಸಾಬರು ಸುಮ್ಮನೆ ಎದ್ದು ಟೀವಿ ಆರಿಸಿದರು.

ಚೌಡಮ್ಮ ಬುಟ್ಟಿ ಎತ್ತಿಕೊಂಡಳು,
ಅವಸರವಿಲ್ಲದೆ, ಸಿಂಬಿ ಸರಿಮಾಡಿಕೊಂಡು,
ಮುಂದಿನ ಅಂಗಡಿಯ ಕಡೆಗೆ.
ಅಜ್ಜ ಅವಳ ಬೆನ್ನು ನೋಡಿ ನಕ್ಕ.

ಅವನ ಕೈ ಇನ್ನೂ ಟವೆಲಿನ ಕೆಳಗೇ ಇತ್ತು.
ಯಾವ ಕೈ ನಮ್ಮದು ಎಂದು
ಇಲ್ಲಿ ಯಾರನ್ನೂ ಕೇಳಬೇಕಿರಲಿಲ್ಲ:
ಹಿಡಿದದ್ದು ಅವನದು,
ಬೆವೆತದ್ದು ನನ್ನದು.